ಆಪರೇಷನ್ ಉಪಕರಣ ಎಲ್ಲಿ ಮಾಡಿಸಬೇಕು? ಟುಟ್ಲಿಂಗನ್‌ನಿಂದ ಪೀಣ್ಯದವರೆಗೆ ಒಂದು ಹೋಲಿಕೆ

ಒಂದು ಆರ್ಟರಿ ಫೋರ್ಸೆಪ್ಸ್ ಕೈಗೆ ತೆಗೆದುಕೊಳ್ಳಿ. ಆಪರೇಷನ್ ನಡೆಯುವಾಗ ರಕ್ತನಾಳವನ್ನು ಕಚ್ಚಿ ಹಿಡಿದು ರಕ್ತ ನಿಲ್ಲಿಸುವ ಇಕ್ಕಳ ಅದು. ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಮುಚ್ಚುತ್ತಾ ಬನ್ನಿ. ಹಿಡಿಯ ಹತ್ತಿರದ ಹಲ್ಲು ಮೊದಲ ಸಲ ಟಿಕ್ ಎಂದಾಗ ದವಡೆಗಳ ತುದಿ ಮಾತ್ರ ಒಂದಕ್ಕೊಂದು ತಾಗಿರಬೇಕು. ಕೀಲಿನ ಕಡೆಗೆ ಕೂದಲೆಳೆಯಷ್ಟು ಬೆಳಕಿನ ಗೆರೆ ಉಳಿದಿರಬೇಕು. ಎರಡನೇ ಟಿಕ್, ಮೂರನೇ ಟಿಕ್ ಎನ್ನುತ್ತಾ ಹೋದಂತೆ ಆ ಗೆರೆ ತುದಿಯಿಂದ ಹಿಂದಕ್ಕೆ ಕರಗುತ್ತಾ ಬಂದು, ಕೊನೆಯ ಹಲ್ಲಿಗೆ ದವಡೆ ಉದ್ದಕ್ಕೂ ಮುಚ್ಚಿಕೊಳ್ಳಬೇಕು. ಮೊದಲ ಟಿಕ್‌ಗೇ ಬೆಳಕು ಪೂರ್ತಿ ಮಾಯವಾಯಿತೋ, ಜೋರಾಗಿ ಒತ್ತಿದಾಗ ಆ ಇಕ್ಕಳದ ತುದಿ ಬಾಯಿ ಬಿಡುತ್ತದೆ. ನಾಳ ಜಾರುತ್ತದೆ.

ಈ ಕೂದಲೆಳೆಯ ಬೆಳಕನ್ನು ಕೊನೆಗೆ ಸರಿಮಾಡುವುದು ಮನುಷ್ಯನ ಕೈ. ಡೈ ಎಂಬ ಅಚ್ಚು, ಮಿಲ್ಲಿಂಗ್, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಎಲ್ಲ ಆದ ಮೇಲೆ ಒಬ್ಬರು ಬೆಂಚಿನ ಮುಂದೆ ಕೂತು ದವಡೆಯನ್ನು ಸುತ್ತಿಗೆಯಿಂದ ಹದವಾಗಿ ತಟ್ಟಿ, ಬೆಳಕಿಗೆ ಹಿಡಿದು, ಮತ್ತೆ ತಟ್ಟಿ, ಅರ ಹಾಕಿ ಕೂರಿಸುತ್ತಾರೆ. ಅಂಥ ಕೈಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಕೆಲವೇ ಊರುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತವೆ. ಇಳಕಲ್ಲಿನಲ್ಲಿ ಮಗ್ಗ ಕೆಟ್ಟರೆ ಪಕ್ಕದ ಓಣಿಯಲ್ಲೇ ಸರಿಮಾಡುವವರು ಸಿಗುತ್ತಾರಲ್ಲ, ಚನ್ನಪಟ್ಟಣದಲ್ಲಿ ಮರ ತರುವವರು, ಕಡೆಯುವವರು, ಅರಗು ಹಚ್ಚುವವರು ಕೂಗಳತೆಯಲ್ಲೇ ಇರುತ್ತಾರಲ್ಲ, ಹಾಗೆ. ಕೈಗಾರಿಕಾ ಕ್ಲಸ್ಟರ್ ಎಂದು ಸರ್ಕಾರಿ ಕಡತಗಳು ಕರೆಯುವುದು ಇದನ್ನೇ.

ಹೊಸ ಉಪಕರಣದ ಯೋಚನೆ ತಲೆಯಲ್ಲಿಟ್ಟುಕೊಂಡ ವೈದ್ಯರು, ಪ್ರಾಜೆಕ್ಟ್ ಮುಗಿಸಿ ಮುಂದೇನು ಎನ್ನುತ್ತಿರುವ ಬಯೋಮೆಡಿಕಲ್ ವಿದ್ಯಾರ್ಥಿಗಳು, ಆಟೋ ಬಿಡಿಭಾಗದ ಆರ್ಡರ್ ಸಾಕೆನಿಸಿ ವೈದ್ಯಕೀಯದತ್ತ ನೋಡುತ್ತಿರುವ ಸಣ್ಣ ಕಾರ್ಖಾನೆಯವರು, ಇವರೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ: ಎಲ್ಲಿ ಅಗ್ಗ? ನಾನು ಬೇರೆ ಅಳತೆಗೋಲು ಕೊಡುತ್ತೇನೆ. ಆಪರೇಷನ್ ಟೇಬಲಿನ ಮುಂದೆ ನಿಂತ ಸರ್ಜನ್ನರ ಒಂದು ದೂರು ಆ ಊರಿನಲ್ಲಿ ಅರ ಹಿಡಿದವನ ಬೆಂಚಿಗೆ ಮುಟ್ಟಲು ಎಷ್ಟು ಕೈ ದಾಟಬೇಕು? ಆ ದಾರಿ ಚಿಕ್ಕದಿದ್ದಲ್ಲಿ ಹೊಸ ಉಪಕರಣ ಹುಟ್ಟುತ್ತದೆ. ಉದ್ದವಿದ್ದಲ್ಲಿ ಹಳೆಯ ಉಪಕರಣ ಚೆನ್ನಾಗಿ, ಅಗ್ಗವಾಗಿ, ಲಕ್ಷಗಟ್ಟಲೆ ತಯಾರಾಗುತ್ತದೆ. ಎರಡೂ ಬೇಕಾದವೇ. ನಿಮಗೆ ಯಾವುದು ಬೇಕು ಎಂಬುದು ಮೊದಲು ಗೊತ್ತಿರಬೇಕು.

ಈ ಅಳತೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಒಂದು ಟೂಲ್ ರೂಮಿನಲ್ಲಿ, ಅಂದರೆ ಅಚ್ಚು, ಉಪಕರಣ ಮಾಡುವ ವರ್ಕ್‌ಶಾಪಿನಲ್ಲಿದ್ದಾಗ ಒಂದು ಆಸ್ಪತ್ರೆಗೆಂದು ನೀಡಲ್ ಹೋಲ್ಡರ್, ಅಂದರೆ ಹೊಲಿಗೆಯ ಸೂಜಿ ಹಿಡಿಯುವ ಇಕ್ಕಳ, ಮಾಡಿಕೊಟ್ಟಿದ್ದೆವು. ಡ್ರಾಯಿಂಗಿನ ಪ್ರತಿ ಅಳತೆಯೂ ಕರಾರುವಾಕ್ಕಾಗಿತ್ತು. ಕನ್ನಡಿಯಂತೆ ಹೊಳೆಯುವ ಹಾಗೆ ಪಾಲಿಶ್ ಮಾಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೆವು. ಎರಡು ತಿಂಗಳ ನಂತರ ಎಲ್ಲವೂ ವಾಪಸ್ ಬಂದವು. ಆಪರೇಷನ್ ದೀಪದ ಬೆಳಕು ಆ ಹೊಳಪಿಗೆ ಬಡಿದು ಸರ್ಜನ್ನರ ಕಣ್ಣು ಕೋರೈಸುತ್ತಿತ್ತಂತೆ. ಬೇಕಿದ್ದದ್ದು ಮಂಕಾದ ಸ್ಯಾಟಿನ್ ಫಿನಿಶ್. ಡ್ರಾಯಿಂಗಿನಲ್ಲಿ ಅದು ಬರೆದಿರಲಿಲ್ಲ, ನಾವು ಕೇಳಿರಲಿಲ್ಲ. ಖರೀದಿ ವಿಭಾಗ, ಏಜೆಂಟ್, ನಮ್ಮ ಮಾರ್ಕೆಟಿಂಗ್, ಆಮೇಲೆ ನಾವು: ಒಂದು ಮಾತು ಬರಲು ಎರಡು ತಿಂಗಳು. ಆಸ್ಪತ್ರೆ ಇದ್ದದ್ದು ನಮ್ಮಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ.

ಟುಟ್ಲಿಂಗನ್: ಊರಿಗೆ ಊರೇ ಕಸುಬುದಾರ

ಜರ್ಮನಿಯ ದಕ್ಷಿಣದಲ್ಲಿ, ಡ್ಯಾನ್ಯೂಬ್ ನದಿ ಇನ್ನೂ ಹಳ್ಳದಷ್ಟೇ ಇರುವಲ್ಲಿ ಟುಟ್ಲಿಂಗನ್ ಇದೆ. ಜನಸಂಖ್ಯೆ ನಲವತ್ತು ಸಾವಿರವೂ ಇಲ್ಲ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಊರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಸೇರಿ ಸುಮಾರು 400 ವೈದ್ಯಕೀಯ ಉಪಕರಣ ಕಂಪನಿಗಳಿವೆ. ಕೆಲವು ಜಗತ್ತಿಗೇ ಗೊತ್ತಿರುವ ದೊಡ್ಡವು, ಬಹುಪಾಲು ಅಪ್ಪ, ಮಗ, ನಾಲ್ಕಾರು ಕೆಲಸಗಾರರು ಇರುವ ಮನೆ ಪಕ್ಕದ ವರ್ಕ್‌ಶಾಪುಗಳು.

ಚಾಕು ಮಾಡುವವರ ಊರಿದು. ಗಾಟ್‌ಫ್ರೀಡ್ ಯೆಟರ್ ಎಂಬ ಕುಶಲಕರ್ಮಿ 1867ರಲ್ಲಿ ಇಲ್ಲಿ ವರ್ಕ್‌ಶಾಪ್ ತೆರೆದರು. ಅದು ಬೆಳೆದು ಏಸ್ಕುಲಾಪ್ ಆಯಿತು, ಈಗ ಜರ್ಮನಿಯ ವೈದ್ಯಕೀಯ ಸಾಧನ ಕಂಪನಿ ಬಿ. ಬ್ರಾನ್ ಸಮೂಹದಲ್ಲಿದೆ. ಅಲ್ಲಿ ಕಲಿತವರು ಹೊರಬಂದು ಸ್ವಂತ ಅಂಗಡಿ ಹಾಕಿದರು, ಅವರಲ್ಲಿ ಕಲಿತವರು ಮತ್ತೆ ಹಾಕಿದರು. ಈಗಲೂ ಅಲ್ಲಿ ಸರ್ಜಿಕಲ್ ಮೆಕ್ಯಾನಿಕ್ ಎಂಬ ಹುದ್ದೆಗೆ ಮೂರೂವರೆ ವರ್ಷದ ಅಪ್ರೆಂಟಿಸ್ ತರಬೇತಿ ಇದೆ. ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಕಾರ್ಖಾನೆ. ನಮ್ಮ ಐಟಿಐಯಲ್ಲಿ ಫಿಟ್ಟರ್, ಟರ್ನರ್ ಇದ್ದಾರೆ. ಆಪರೇಷನ್ ಇಕ್ಕಳವನ್ನೇ ಕಸುಬಾಗಿ ಕಲಿಸುವ ಟ್ರೇಡ್ ಇಲ್ಲ. ಈ ಒಂದು ವ್ಯತ್ಯಾಸದ ಮೇಲೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ.

ಆದರೆ ಈ ಊರು ಹೆಸರಾದದ್ದು ಕೈಚಳಕ ಒಂದರಿಂದಲೇ ಅಲ್ಲ. ಕಾರ್ಲ್ ಸ್ಟೋರ್ಜ್ 1945ರಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ಉಪಕರಣ ಮಾಡಲು ಶುರುಮಾಡಿದರು. ಅವರ ಅಭ್ಯಾಸ ವೈದ್ಯರ ಜೊತೆ ಕೂತು ಮಾತಾಡುವುದು. ಆ ಕಾಲದಲ್ಲಿ ದೇಹದೊಳಗೆ ನೋಡುವ ಎಂಡೋಸ್ಕೋಪಿನ ತುದಿಗೆ ಪುಟ್ಟ ಬಲ್ಬ್ ಇರುತ್ತಿತ್ತು. ಬಿಸಿ ಆಗುತ್ತಿತ್ತು, ಬೆಳಕು ಸಾಲುತ್ತಿರಲಿಲ್ಲ. 1960ರಲ್ಲಿ ಸ್ಟೋರ್ಜ್ ದೀಪವನ್ನು ದೇಹದ ಹೊರಗಿಟ್ಟು, ಗಾಜಿನ ನಾರುಗಳ ಮೂಲಕ ಬೆಳಕನ್ನು ಮಾತ್ರ ಒಳಗೆ ಕಳಿಸಿದರು. ಇನ್ನು ಚಿತ್ರದ ಮಾತು. ಹಳೆಯ ಎಂಡೋಸ್ಕೋಪ್ ಎಂದರೆ ಗಾಳಿ ತುಂಬಿದ ಕೊಳವೆ, ನಡುನಡುವೆ ತೆಳು ಗಾಜಿನ ಲೆನ್ಸ್. ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಇದನ್ನು ಬೋರಲು ಹಾಕಿದರು: ಕೊಳವೆ ತುಂಬ ಗಾಜಿನ ಕಡ್ಡಿಗಳು, ನಡುನಡುವೆ ಲೆನ್ಸಿನಂತೆ ಕೆಲಸ ಮಾಡುವ ತೆಳು ಗಾಳಿಯ ಜಾಗ. ಬೆಳಕು ಎಷ್ಟೋ ಪಟ್ಟು ಹೆಚ್ಚಾಯಿತು, ಚಿತ್ರ ಸ್ಪಷ್ಟವಾಯಿತು. ಅವರ ದೇಶದಲ್ಲಿ ಇದನ್ನು ಕೈಗೆತ್ತಿಕೊಳ್ಳುವವರು ಸಿಗಲಿಲ್ಲ. 1960ರ ದಶಕದ ಮಧ್ಯದಲ್ಲಿ ಸ್ಟೋರ್ಜ್ ಕೈಜೋಡಿಸಿದರು. ಇವತ್ತು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಯಾರಿಗಾದರೂ ಸಣ್ಣ ತೂತಿನ ಮೂಲಕ ಪಿತ್ತಕೋಶ ತೆಗೆಯುತ್ತಾರೆ ಎಂದರೆ ಅದರ ಹಿಂದೆ ಆ ಗಾಜಿನ ಕಡ್ಡಿಗಳಿವೆ.

ಟುಟ್ಲಿಂಗನ್ ಯಾರಿಗೆ ಸರಿ? ಸೂಕ್ಷ್ಮ ಆಪರೇಷನ್ನಿಗೆ ಹೊಸ ಬಗೆಯ ಉಪಕರಣ ಬೇಕು, ಸಂಖ್ಯೆ ಕಡಿಮೆ, ದರಕ್ಕಿಂತ ಹದ ಮುಖ್ಯ ಎನ್ನುವವರಿಗೆ. ಅಲ್ಲಿನ ಸಣ್ಣ ವರ್ಕ್‌ಶಾಪುಗಳಿಗೆ ಈಗ ಒಂದು ಭಾರ ಹೆಚ್ಚಾಗಿದೆ. ಯುರೋಪಿನ ಹೊಸ ವೈದ್ಯಕೀಯ ಸಾಧನ ಕಾನೂನು 2021ರ ಮೇ ತಿಂಗಳಿಂದ ಜಾರಿಯಾದ ಮೇಲೆ, ಪ್ರತಿ ಮಾದರಿಗೂ ದಾಖಲೆ ಕಟ್ಟುವ ಕೆಲಸ ಬಂದಿದೆ. ವರ್ಷಕ್ಕೆ ಇಪ್ಪತ್ತು ಮೂವತ್ತು ಮಾತ್ರ ಮಾರಾಟವಾಗುವ ಅಪರೂಪದ ಉಪಕರಣವನ್ನು ಉಳಿಸಿಕೊಳ್ಳುವುದು ಸಣ್ಣವರಿಗೆ ಕಷ್ಟ. ನಿಮಗೆ ಬೇಕಾದದ್ದು ಅಂಥದ್ದೇ ಆಗಿದ್ದರೆ ಮುಂಚೆಯೇ ವಿಚಾರಿಸಿ.

ಸಿಯಾಲ್‌ಕೋಟ್: ಎಲ್ಲರ ಟ್ರೇಯಲ್ಲೂ ಇರುವ, ಯಾರಿಗೂ ಹೆಸರು ಗೊತ್ತಿಲ್ಲದ ಊರು

ಪಾಕಿಸ್ತಾನದ ಪಂಜಾಬಿನಲ್ಲಿ, ಜಮ್ಮುವಿಗೆ ತೀರ ಹತ್ತಿರದಲ್ಲಿ ಸಿಯಾಲ್‌ಕೋಟ್ ಇದೆ. ಫುಟ್‌ಬಾಲ್ ತಯಾರಿಕೆಯಿಂದ ಹೆಸರಾದ ಊರು. ಪಕ್ಕದ ಕೋಟ್ಲಿ ಲೋಹಾರಾನ್ ಎಂಬ ಹಳ್ಳಿ ಉಕ್ಕಿನ ಮೇಲೆ ಚಿನ್ನದ ತಂತಿ ಕೂರಿಸುವ ಕೋಫ್ತ್‌ಗರಿ ಕೆಲಸಕ್ಕೆ ಪ್ರಸಿದ್ಧವಾಗಿತ್ತು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಮಿಷನ್ ಆಸ್ಪತ್ರೆಯ ವೈದ್ಯರು ಕೆಟ್ಟುಹೋದ ಉಪಕರಣಗಳನ್ನು ಊರಿನ ಕಮ್ಮಾರರ ಕೈಗೆ ರಿಪೇರಿಗೆ ಕೊಟ್ಟರು. ರಿಪೇರಿ ಮಾಡಿದವರು ಅದರಂತೆಯೇ ಇನ್ನೊಂದು ಮಾಡಿದರು. ವೈದ್ಯರು ಇದು ಸರಿ, ಇದು ಸರಿಯಿಲ್ಲ ಎಂದು ಎದುರೇ ನಿಂತು ಹೇಳಿದರು. ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸೇನೆಗೆ ಇಲ್ಲಿಂದ ಉಪಕರಣ ಹೋಯಿತು.

ಗಮನಿಸಿ, ಶುರುವಾತು ಟುಟ್ಲಿಂಗನ್ನಿಗಿಂತ ಏನೂ ಬೇರೆಯಲ್ಲ. ಕುಲುಮೆ ಇತ್ತು, ಕೈ ಇತ್ತು, ನೂರು ಹೆಜ್ಜೆ ದೂರದಲ್ಲಿ ವೈದ್ಯರಿದ್ದರು. ಆಮೇಲೆ ಏನಾಯಿತೆಂದರೆ, ಊರು ರಫ್ತಿಗೆ ತಿರುಗಿತು. ತಯಾರಾಗುವ ಹೆಚ್ಚುಕಡಿಮೆ ಎಲ್ಲ ಮಾಲೂ ಯುರೋಪು, ಅಮೆರಿಕಕ್ಕೆ. ಕೊಳ್ಳುವವರು ಸರ್ಜನ್ನರಲ್ಲ, ಮಧ್ಯದ ವ್ಯಾಪಾರಿಗಳು. ಅವರಲ್ಲಿ ಟುಟ್ಲಿಂಗನ್ನಿನ ಕಂಪನಿಗಳೂ ಇವೆ: ಅಚ್ಚು ಹೊಡೆದ, ಅರ್ಧ ಮುಗಿದ ಇಕ್ಕಳ ಸಿಯಾಲ್‌ಕೋಟಿನಿಂದ ಹೋಗಿ, ಕೊನೆಯ ಫಿನಿಶಿಂಗ್ ಜರ್ಮನಿಯಲ್ಲಿ ಆಗಿ, ಜರ್ಮನಿಯ ಮುದ್ರೆ ಹೊತ್ತು ಜಗತ್ತಿಗೆ ಹೊರಡುವುದುಂಟು. ಹೀಗೆ ದೂರು ನಡೆಯುವ ದಾರಿ ಉದ್ದವಾಯಿತು. ಮಾದರಿ ಕಳಿಸಿ, ಅದರಂತೆ ಮಾಡಿಕೊಡುತ್ತೇವೆ ಎಂಬ ವ್ಯವಹಾರದಲ್ಲಿ ಸಿಯಾಲ್‌ಕೋಟಿನ ಕೈಗೆ ಸರಿಸಾಟಿ ಇಲ್ಲ. ಹೊಸದನ್ನು ಯೋಚಿಸುವ ಸಂದರ್ಭವೇ ಅದಕ್ಕೆ ಒದಗಲಿಲ್ಲ.

ಕೆಲಸ ಹಂಚಿಕೆಯಾಗುವ ರೀತಿ ನೋಡಬೇಕು. ಒಂದು ಕಡೆ ಡೈ, ಇನ್ನೊಂದು ಕಡೆ ಕಾಯಿಸಿ ಅಚ್ಚು ಹೊಡೆಯುವುದು, ಮತ್ತೊಂದು ಕಡೆ ಅಂಚು ಕತ್ತರಿಸುವುದು, ಕೀಲು ಕೂರಿಸುವುದು, ಅರ ಹಾಕುವುದು, ಬೇರೆಲ್ಲೋ ಹದ ಕೊಡುವುದು, ಪಾಲಿಶ್. ಒಂದು ಕತ್ತರಿ ಮುಗಿಯುವಷ್ಟರಲ್ಲಿ ಊರಿನ ಎಷ್ಟೋ ಓಣಿ ಸುತ್ತಿ ಬಂದಿರುತ್ತದೆ. ಇದರಿಂದ ದರ ಇಳಿಯುತ್ತದೆ, ಎಷ್ಟೇ ದೊಡ್ಡ ಆರ್ಡರ್ ಬಂದರೂ ತಾಳಿಕೊಳ್ಳುತ್ತದೆ. ಆದರೆ ಯಾವ ಓಣಿಯಲ್ಲಿ ತಪ್ಪಾಯಿತು ಎಂದು ಹಿಡಿಯುವುದು ಕಷ್ಟ. 1994ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಗುಣಮಟ್ಟದ ಪ್ರಶ್ನೆ ಎತ್ತಿ ಇಲ್ಲಿನ ಉಪಕರಣಗಳ ಆಮದಿಗೆ ತಡೆ ಹಾಕಿದಾಗ ಊರೇ ತತ್ತರಿಸಿತು. ಆಗ ಅವರ ತಯಾರಕರ ಸಂಘ ಸುಮ್ಮನೆ ಕೂರಲಿಲ್ಲ. ಸರ್ಕಾರದ ನೆರವು ಪಡೆದು, ಹೊರಗಿನ ತಜ್ಞರನ್ನು ಕರೆಸಿ, ಒಬ್ಬೊಬ್ಬ ಸದಸ್ಯನಿಗೂ ಗುಣಮಟ್ಟದ ಕ್ರಮ ಕಲಿಸಿತು. ಕೆಲವೇ ವರ್ಷಗಳಲ್ಲಿ ನೂರಾರು ಕಾರ್ಖಾನೆಗಳು ಆ ಪರೀಕ್ಷೆ ದಾಟಿದವು. ರಫ್ತುದಾರರು ತಮ್ಮದೇ ಹಣ ಹಾಕಿ ವಿಮಾನ ನಿಲ್ದಾಣವನ್ನೂ ಕಟ್ಟಿಕೊಂಡಿದ್ದಾರೆ. 2007ರಿಂದ ಅದು ನಡೆಯುತ್ತಿದೆ. ಸ್ಪರ್ಧಿಗಳು ಒಟ್ಟಾಗಿ ಇಷ್ಟು ಮಾಡಿದ ಉದಾಹರಣೆ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ನಾನು ಕಂಡಿಲ್ಲ.

ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಅಲ್ಲಿನ ಸಣ್ಣ ವರ್ಕ್‌ಶಾಪುಗಳಲ್ಲಿ ಮಕ್ಕಳು ದುಡಿಯುತ್ತಿದ್ದುದು, ಲೋಹದ ಧೂಳು ಕುಡಿಯುತ್ತಾ ಕೆಲಸಗಾರರು ಪಾಲಿಶ್ ಮಾಡುತ್ತಿದ್ದುದು ಬೆಳಕಿಗೆ ಬಂದ ಮೇಲೆ, ಬ್ರಿಟನ್ನಿನ ವೈದ್ಯರ ಸಂಘವೇ ಉಪಕರಣ ಖರೀದಿಯಲ್ಲಿ ನ್ಯಾಯ ಇರಬೇಕೆಂದು 2007ರಿಂದ ಕೆಲಸ ಮಾಡಿತು. ಜೀವ ಉಳಿಸುವ ಕತ್ತರಿ ಇನ್ನೊಬ್ಬನ ಶ್ವಾಸಕೋಶ ತಿಂದು ತಯಾರಾಗಬಾರದು. ಇದು ಸಿಯಾಲ್‌ಕೋಟಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಪಾಲಿಶಿಂಗ್ ಶೆಡ್ಡುಗಳಲ್ಲೂ ಮಾಸ್ಕ್ ಎಷ್ಟು ಜನರ ಮುಖದ ಮೇಲಿರುತ್ತದೆ ಎಂದು ನನಗೆ ಗೊತ್ತು. ಮಾಲು ಕೊಳ್ಳುವ ಮುನ್ನ ಆ ಶೆಡ್ಡಿಗೆ ಹೋಗಿ ನೋಡಿ.

ಭಾರತದಲ್ಲಿರುವವರಿಗೆ ಇದು ಕೊಳ್ಳುವ ಆಯ್ಕೆಯಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದಲ್ಲಿ ತಯಾರಾದ ಮಾಲಿನ ಆಮದನ್ನು ಭಾರತ ಪೂರ್ತಿ ನಿಷೇಧಿಸಿತು, ಮೂರನೇ ದೇಶ ಸುತ್ತಿ ಬಂದರೂ ಸೇರಿ. ಕೊಲ್ಲಿ ದೇಶಗಳಲ್ಲೋ ಬ್ರಿಟನ್ನಿನಲ್ಲೋ ಆಸ್ಪತ್ರೆ ಖರೀದಿ ನೋಡಿಕೊಳ್ಳುವ ಕನ್ನಡಿಗರಿಗೆ ಅದು ದಿನನಿತ್ಯದ ಆಯ್ಕೆ. ನಮಗೆ ಅದರಿಂದ ಕಲಿಯುವುದು ಬೇಕಾದಷ್ಟಿದೆ.

ನಮ್ಮ ದೇಶದ ಒಳಗೆ ಸಿಯಾಲ್‌ಕೋಟಿಗೆ ಹೋಲುವ ಊರು ಕೋಲ್ಕತ್ತಾದ ದಕ್ಷಿಣದ ಬಾರುಯಿಪುರ. ಸುತ್ತಲ ಹಳ್ಳಿಗಳ ಮನೆಮನೆಗಳಲ್ಲಿ ಕುಲುಮೆ, ಅರ, ಪಾಲಿಶ್ ಚಕ್ರ. ನಗರದ ವ್ಯಾಪಾರಿಗಳಿಗೆ ಮಾಲು ಹೋಗುತ್ತದೆ. ಸಾದಾ ಇಕ್ಕಳ, ಕತ್ತರಿಗೆ ದರ ಹೊಂದುತ್ತದೆ. ಆದರೆ ಉಕ್ಕಿನ ದರ್ಜೆ, ಹದ, ದಾಖಲೆ ಇವನ್ನು ನೀವೇ ಖುದ್ದು ಪರೀಕ್ಷಿಸಿಕೊಳ್ಳಬೇಕು.

ಗಡಿಯಾರದ ಕೈ ಮೂಳೆಗೆ ಬಂದದ್ದು

ಸ್ವಿಟ್ಜರ್‌ಲ್ಯಾಂಡಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ 1958ರಲ್ಲಿ ಬೀಲ್ ಪಟ್ಟಣದಲ್ಲಿ ಹದಿಮೂರು ಸರ್ಜನ್ನರು ಸೇರಿ ಎಓ ಎಂಬ ಸಂಘ ಕಟ್ಟಿದರು. ಮುರಿದ ಮೂಳೆಯನ್ನು ವಾರಗಟ್ಟಲೆ ಪ್ಲಾಸ್ಟರಿನಲ್ಲಿ ಕೂಡಿಹಾಕುವ ಬದಲು ತಟ್ಟೆ, ಸ್ಕ್ರೂ ಹಾಕಿ ಬಿಗಿದು, ರೋಗಿಯನ್ನು ಬೇಗ ಓಡಾಡಿಸಬೇಕು ಎಂಬುದು ಅವರ ಹಠ. ಅವರಲ್ಲಿ ಮುಂದಾಳಾಗಿದ್ದ ಮಾರಿಸ್ ಮುಲ್ಲರ್, ಬೆಟ್‌ಲಾಖ್ ಎಂಬ ಊರಿನ ಮೆಕ್ಯಾನಿಕ್ ರಾಬರ್ಟ್ ಮಾಥಿಸ್ ಅವರನ್ನು ಹಿಡಿದರು. ಗಡಿಯಾರದ ಸೀಮೆ ಅದು. ಕೂದಲಿನಷ್ಟು ಸಣ್ಣ ಸ್ಕ್ರೂ ತಿರುವುವ ಲೇತ್‌ಗಳಿಗೆ ಅಲ್ಲಿ ಬರವಿರಲಿಲ್ಲ. ಗಡಿಯಾರದ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಸ್ಟ್ರೌಮನ್ ಸಂಸ್ಥೆಯೂ ಕೈಜೋಡಿಸಿತು. ಸರ್ಜನ್ನರು ಮಾಡಿದ ಪ್ರತಿ ಆಪರೇಷನ್ನಿನ ಎಕ್ಸ್-ರೇ, ಟಿಪ್ಪಣಿ ಒಂದೆಡೆ ಸೇರಬೇಕು, ಯಾವ ಸ್ಕ್ರೂ ಸಡಿಲವಾಯಿತು ಎಂಬುದು ತಯಾರಕನಿಗೆ ತಿಳಿಯಬೇಕು ಎಂಬ ಕಟ್ಟುನಿಟ್ಟು ಇತ್ತು. ದೂರು ನಡೆಯುವ ದಾರಿಯನ್ನು ಇವರು ಸಂಘದ ನಿಯಮವಾಗಿಯೇ ಬರೆದುಕೊಂಡರು.

ಇದನ್ನು ಓದುವಾಗಲೆಲ್ಲ ನನಗೆ ತುಮಕೂರು ನೆನಪಾಗುತ್ತದೆ. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಶುರುಮಾಡಿತು, ಆಮೇಲೆ ತುಮಕೂರಿನಲ್ಲೂ ಘಟಕ ತೆರೆಯಿತು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಪುಟ್ಟ ಚಕ್ರ ಕೂರಿಸುವ ಸಾವಿರಾರು ಕೈಗಳನ್ನು ಅದು ತಯಾರು ಮಾಡಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ತೀರ್ಮಾನಿಸಿತು. ಆ ಕೈಗಳು ಹಲ್ಲಿನ ಸ್ಕ್ರೂವಿಗೋ ಮೂಳೆಯ ಪ್ಲೇಟಿಗೋ ಬಂದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಗಾಲ್ವೇ, ಪೆನಾಂಗ್: ಹೊರಗಿನವರು ಬಂದು ಬೇರೂರಿದ್ದು

ಇವೆರಡೂ ಕುಲುಮೆಯ ಊರುಗಳಲ್ಲ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಗೆ 1980ರ ದಶಕದಲ್ಲಿ ಸಿ.ಆರ್. ಬಾರ್ಡ್ ಎಂಬ ಅಮೆರಿಕದ ಕಂಪನಿ ಬಂದು ಹೃದಯದ ಕ್ಯಾಥೆಟರ್ ಮಾಡಲಾರಂಭಿಸಿತು. 1993ರಲ್ಲಿ ಊರಿನ ದೊಡ್ಡ ಆಸರೆಯಾಗಿದ್ದ ಡಿಜಿಟಲ್ ಕಂಪ್ಯೂಟರ್ ಕಾರ್ಖಾನೆ ಮುಚ್ಚಿತು. ನೂರಾರು ನುರಿತ ಜನ ಕೆಲಸ ಹುಡುಕುತ್ತಿದ್ದ ಆ ಹೊತ್ತಿನಲ್ಲೇ, 1994ರಲ್ಲಿ, ಬೋಸ್ಟನ್ ಸೈಂಟಿಫಿಕ್ ಎಂಬ ವೈದ್ಯಕೀಯ ಸಾಧನ ಕಂಪನಿ ಬಂತು; ಅಂಥದ್ದೇ ಇನ್ನೊಂದು ಕಂಪನಿ ಮೆಡ್‌ಟ್ರಾನಿಕ್ ಆಮೇಲೆ. ಅಲ್ಲಿ ದುಡಿದ ಎಂಜಿನಿಯರುಗಳು ಹೊರಬಂದು ಸ್ವಂತ ಕಂಪನಿ ಕಟ್ಟಿದರು, ವಿಶ್ವವಿದ್ಯಾಲಯದ ಸಂಶೋಧಕರೂ ಪಕ್ಕದ ಆಸ್ಪತ್ರೆಯ ವೈದ್ಯರೂ ಜೊತೆ ಸೇರಿದರು. ಸ್ಟೆಂಟ್, ಬಲೂನ್, ಕ್ಯಾಥೆಟರ್, ಅಂದರೆ ರಕ್ತನಾಳದೊಳಗೆ ಹೋಗುವ ಯಾವುದೇ ಹೊಸ ಸಾಧನವಿದ್ದರೆ ಗಾಲ್ವೇ ಸರಿಯಾದ ಊರು.

ಮಲೇಷ್ಯಾದ ಪೆನಾಂಗ್‌ಗೆ 1972ರಲ್ಲಿ ಇಂಟೆಲ್ ಬಂತು, ಬಿ. ಬ್ರಾನ್ ಕೂಡ ಅದೇ ಕಾಲಕ್ಕೆ ಬಂತು. ಚಿಪ್ ಜೋಡಿಸುವ ಶುಭ್ರ ಕೋಣೆ, ಪ್ಲಾಸ್ಟಿಕ್ ಮೋಲ್ಡಿಂಗ್, ಪರೀಕ್ಷಾ ಯಂತ್ರ ಇವೆಲ್ಲ ವೈದ್ಯಕೀಯಕ್ಕೆ ಹಾಗೆಯೇ ಒದಗಿದವು. ಕಂಪನಿಗಳೂ ಸರ್ಕಾರವೂ ಸೇರಿ 1989ರಲ್ಲಿ ಕೌಶಲ ಕೇಂದ್ರ ಕಟ್ಟಿವೆ. ಸಂಖ್ಯೆ ದೊಡ್ಡದಿದ್ದು, ವಿನ್ಯಾಸ ಗಟ್ಟಿಯಾಗಿದ್ದರೆ ಮಾತ್ರ ಅಲ್ಲಿಗೆ ಹೋಗಿ. ಇನ್ನೂ ತಿದ್ದುತ್ತಿರುವ ವಿನ್ಯಾಸ ಹಿಡಿದು ಹೋದರೆ ದುಡ್ಡು ಹಾಳು.

ಇನ್ನು ನಮ್ಮ ಸುತ್ತಮುತ್ತ

ಮದುರೆಯ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಆರೋಲ್ಯಾಬ್ ಶುರುಮಾಡಿತು. ಪೊರೆ ತೆಗೆದ ಕಣ್ಣಿಗೆ ಕೂರಿಸುವ ಲೆನ್ಸ್ ಆಗ ವಿದೇಶದಿಂದ ಬರಬೇಕಿತ್ತು, ಬಡವರಿಗೆ ಎಟುಕುತ್ತಿರಲಿಲ್ಲ. ಆಸ್ಪತ್ರೆಯವರೇ ಮಾಡಲು ನಿಂತು ದರವನ್ನು ಹಲವು ಪಟ್ಟು ಇಳಿಸಿದರು. ಕೊಳ್ಳುವವರೂ ಅವರೇ, ಬಳಸುವವರೂ ಅವರೇ, ಮಾಡುವವರೂ ಅವರೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಹೃದಯದ ಕವಾಟ ಮಾಡಿದರು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು, ಪ್ರಾಣಿಗಳಲ್ಲಿ ಸೋತವು; ಲೋಹ ಬದಲಿಸಿ, ಮುಚ್ಚಳದ ವಸ್ತು ಬದಲಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ಮನುಷ್ಯನ ಹೃದಯಕ್ಕೆ ಕೂರಿಸಿದರು. ಸರ್ಜನ್ ಮತ್ತು ಎಂಜಿನಿಯರ್ ಒಂದೇ ಸಂಸ್ಥೆಯೊಳಗೆ ಇದ್ದುದರಿಂದಲೇ ಆ ಸೋಲುಗಳನ್ನು ದಾಟಲು ಸಾಧ್ಯವಾಯಿತು. ವಲಿಯತ್ತಾನ್ ಮುಂದೆ ಮಣಿಪಾಲದಲ್ಲಿ ಕುಲಪತಿಯಾದರು. ಇವೆರಡೂ ಊರುಗಳಲ್ಲಿ ಹತ್ತಾರು ಸಣ್ಣ ಕಾರ್ಖಾನೆಗಳ ಸಂತೆ ಇಲ್ಲ, ಆದರೆ ದಾರಿ ಎಲ್ಲಕ್ಕಿಂತ ಚಿಕ್ಕದು.

ಬೆಂಗಳೂರಿಗೆ ಉಲ್ಟಾ ಪರಿಸ್ಥಿತಿ. ಎಚ್‌ಎಎಲ್ 1940ರಿಂದ ಇದೆ, ಎಚ್‌ಎಂಟಿ 1953ರಿಂದ. ಯಂತ್ರೋಪಕರಣಗಳ ಸಂಶೋಧನೆಗೆ ಸಿಎಂಟಿಐ ಇದೆ, ಜಿಟಿಟಿಸಿ ಊರೂರಿಗೆ ಟೂಲ್ ರೂಮ್ ತರಬೇತಿ ಕೊಡುತ್ತಿದೆ. ಪೀಣ್ಯದ ಯಾವುದಾದರೂ ಕ್ರಾಸಿನಲ್ಲಿ ನಿಂತರೆ ಟೈಟಾನಿಯಂ ಕೊರೆಯುವ ಐದು ಆಕ್ಸಿಸ್ ಯಂತ್ರ, ಹದ ಕೊಡುವ ಕುಲುಮೆ, ಲೇಸರ್ ಮಾರ್ಕಿಂಗ್ ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತವೆ. ಆಸ್ಪತ್ರೆಗಳಿಗೂ ಕೊರತೆ ಇಲ್ಲ. ಜಯದೇವ, ನಿಮ್ಹಾನ್ಸ್, ಕಿದ್ವಾಯಿ ಇರುವ ಊರಿದು. ಯಂತ್ರವೂ ಇದೆ, ಸರ್ಜನ್ನರೂ ಇದ್ದಾರೆ, ನಡುವಿನ ದಾರಿ ಇಲ್ಲ. ನನ್ನ ನೀಡಲ್ ಹೋಲ್ಡರ್ ಕಥೆ ಹೇಳಿದೆನಲ್ಲ.

ದಾರಿ ತೆರೆದುಕೊಂಡಾಗ ಏನಾಗುತ್ತದೆ ಎಂಬುದನ್ನು 2020ರಲ್ಲಿ ನೋಡಿದ್ದೇವೆ. ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸದ ವೆಂಟಿಲೇಟರನ್ನು ಬಿಇಎಲ್ ಕೈಗೆತ್ತಿಕೊಂಡು 30,000ದ ಆರ್ಡರ್ ಪೂರೈಸಲು ಇಳಿಯಿತು. ಹೊರಗಿನಿಂದ ಬರಬೇಕಿದ್ದ ಕವಾಟ, ಸೆನ್ಸರ್‌ಗಳು ನಿಂತುಹೋಗಿದ್ದರಿಂದ ಬಿಡಿಭಾಗಗಳನ್ನು ಇಲ್ಲೇ ಮಾಡಿಸಬೇಕಾಯಿತು. ವರ್ಷಗಳು ಹಿಡಿಯುವ ಕೆಲಸ ತಿಂಗಳುಗಳಲ್ಲಿ ಆಯಿತು.

ಹಾಗಾದರೆ ಎಲ್ಲಿಗೆ?

ನನ್ನ ಮಾತು ನೇರವಾಗಿಯೇ ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಇರುವ ಸಾಧನ, ಕಣ್ಣು ಪರೀಕ್ಷಿಸುವ ಕ್ಯಾಮೆರಾ, ಮಾನಿಟರ್ ಇತ್ಯಾದಿ ನಿಮ್ಮದಾಗಿದ್ದರೆ ಬೆಂಗಳೂರು, ಮೈಸೂರು ಬಿಟ್ಟು ಕದಲಬೇಡಿ. ಮೂಳೆಯ ಪ್ಲೇಟು, ಸ್ಕ್ರೂ, ಅದನ್ನು ಕೂರಿಸುವ ಉಪಕರಣವಾದರೆ ವಿಮಾನದ ಭಾಗ ಮಾಡುತ್ತಿರುವ ಪೀಣ್ಯ, ಬೆಳಗಾವಿಯ ಕಾರ್ಖಾನೆಗಳನ್ನು ಕೇಳಿ. ಲೋಹ, ಯಂತ್ರ, ಅಳತೆಯ ಶಿಸ್ತು ಅಲ್ಲಿದೆ. ವೈದ್ಯಕೀಯ ಸಾಧನ ಮಾಡುವವರ ಗುಣಮಟ್ಟದ ಪ್ರಮಾಣಪತ್ರ ಐಎಸ್‌ಒ 13485 ಇದೆಯೇ ಎಂದು ಮೊದಲೇ ಕೇಳಿ. ಕೈಹದ ಬೇಡುವ ಇಕ್ಕಳ, ಸೂಕ್ಷ್ಮ ಕತ್ತರಿಗೆ ಮಾತ್ರ ಇವತ್ತಿಗೆ ಟುಟ್ಲಿಂಗನ್ ಮುಂದೆ, ದುಬಾರಿ, ನಿಜ. ಸಾದಾ ಉಪಕರಣದ ದೊಡ್ಡ ಸಂಖ್ಯೆಗೆ ಬಾರುಯಿಪುರದಂಥ ಊರುಗಳಲ್ಲಿ ಒಂದೊಂದೇ ವರ್ಕ್‌ಶಾಪ್ ಆರಿಸಿ, ನೀವೇ ಬೆಳೆಸಿ.

ಕಾನೂನನ್ನು ಕೊನೆಗೆ ನೋಡೋಣ ಎನ್ನಬೇಡಿ. ನಮ್ಮ 2017ರ ವೈದ್ಯಕೀಯ ಸಾಧನ ನಿಯಮಗಳು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ಮತ್ತೆ ಮತ್ತೆ ಬಳಸುವ ಸಾದಾ ಕತ್ತರಿ, ಇಕ್ಕಳ ಎ ವರ್ಗದವು. ಹೃದಯದ ಕವಾಟ ಡಿ. ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರಿನಿಂದ ಲೈಸೆನ್ಸ್ ಕಡ್ಡಾಯ. ನಿಮ್ಮದು ಯಾವ ವರ್ಗ ಎಂಬುದರ ಮೇಲೆ ಖರ್ಚು, ಸಮಯ ಎರಡೂ ನಿಂತಿವೆ.

ಮಾದರಿ ಕೈಗೆ ಬಂದ ಮೇಲೆ ಫೋಟೋ ತೆಗೆದು ಸಂತೋಷಪಡುವ ಮೊದಲು ನೀರಿನಲ್ಲಿ ಕುದಿಸಿ, ಒಣಗಿಸದೆ ಬಿಡಿ. ಹಬೆಯ ಒತ್ತಡದಿಂದ ಸೋಂಕು ಕಳೆಯುವ ಆಟೋಕ್ಲೇವಿನಲ್ಲಿ 134 ಡಿಗ್ರಿಗೆ ಮತ್ತೆ ಮತ್ತೆ ಹಾಕಿ ತೆಗೆಯಿರಿ. ತುಕ್ಕು ಮೊದಲು ಕಾಣುವುದು ಕೀಲಿನ ಒಳಗೆ, ಪಾಲಿಶ್ ಚಕ್ರ ಮುಟ್ಟದ ಮೂಲೆಯಲ್ಲಿ. ಕಂದು ಚುಕ್ಕೆ ಕಂಡರೆ ಆ್ಯಸಿಡ್ಡಿನಲ್ಲಿ ಅದ್ದಿ ತೆಗೆಯುವ ಪ್ಯಾಸಿವೇಶನ್ ಸರಿಯಾಗಿಲ್ಲ ಎಂದೋ, ಸಾದಾ ಕಬ್ಬಿಣ ಉಜ್ಜಿದ ಬ್ರಷ್ಷನ್ನೇ ಇದಕ್ಕೂ ಬಳಸಿದ್ದಾರೆ ಎಂದೋ ಅರ್ಥ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವಂತೆ, ವಾರಗಟ್ಟಲೆ ಮಾಡಿದ ಕೆಲಸವನ್ನು ಆ ಒಂದು ಚುಕ್ಕೆ ಕೆಡಿಸುತ್ತದೆ.

ಊರು ಯಾವುದೇ ಆಗಲಿ, ಮೊದಲ ಭೇಟಿಗೆ ಡ್ರಾಯಿಂಗ್ ಒಂದನ್ನೇ ಒಯ್ಯಬೇಡಿ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಬಳಸಿ ಸವೆದ ಹಳೆಯ ಉಪಕರಣವೊಂದನ್ನು, ಚೆನ್ನಾಗಿ ಸ್ಟೆರಿಲೈಜ್ ಮಾಡಿಸಿ, ಜೊತೆಗಿಟ್ಟುಕೊಳ್ಳಿ. ಸಾಧ್ಯವಾದರೆ ಅದನ್ನು ಬಳಸಿದವರನ್ನೇ ಕರೆದುಕೊಂಡು ಹೋಗಿ. ಹೆಬ್ಬೆರಳಿನ ಉಂಗುರ ಯಾವ ಬದಿಯಲ್ಲಿ ಸವೆದಿದೆ, ದವಡೆಯ ಯಾವ ಹಲ್ಲು ಮೊಂಡಾಗಿದೆ ಎಂದು ಬೆಂಚಿನ ಮುಂದೆ ಕೂತವರು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.